ದುಂಡವ್ವನ ಒಂದೂವರೆ ನಿಮಿಷ

ನವೆಂಬರ್ 11, ಸೋಮವಾರ. ಮಧ್ಯಾಹ್ನ 1

ಕುಡಚಿಯ ಮದುವೆಯ ವಿಡಿಯೊ ಇನ್ನೂ ಮಿಕ್ಸಿಂಗ್‌ನಲ್ಲೇ ಇದೆ. ಅಕ್ಷತೆ ಬೀಳುವ ಹೊತ್ತಿಗೆ ಯಾರೋ ಕ್ಯಾಮೆರಾಕ್ಕೆ ಅಡ್ಡ ನಿಂತಿದ್ದಾನೆ. ನಾಲ್ಕು ನಿಮಿಷ ಬರೀ ಅವನ ಬೆನ್ನು. ಮದುಮಗಳ ಅಪ್ಪನ ಫೋನು — "ಅಂವನ್ನ ತಗೀರಿ ಬಾಯಾರ." ಅವನನ್ನು ತೆಗೆದರೆ ಮದುವೆಯೇ ಉಳಿಯುವುದಿಲ್ಲ. ಗುಲಾಬಿ ಹೂವಿನ ಚಿತ್ರ ಹಾಕಿ ಬೆನ್ನು ಮುಚ್ಚಿದೆ.

ಆಗಲೇ ವಿಕ್ರಾಂತ, ಶೀತಲ್ ನನ್ನ ವಿಡಿಯೊ ಅಂಗಡಿಗೆ ಬಂದರು. ವಿಕ್ರಾಂತ ಅಲಖನೂರಿನವನು. ಡಿಗ್ರಿ ಮುಗಿಸಿ ಮನೆಯ ಕಬ್ಬು ನೋಡಿಕೊಂಡಿದ್ದಾನೆ. ಶೀತಲ್ ಇಲ್ಲೇ ರಾಯಬಾಗದ ಜೈನರ ಹುಡುಗ, ಹಿಡಿದ ಫೋನು ಕೆಳಗಿಡುವವನಲ್ಲ. ಪೆನ್ ಡ್ರೈವ್ ಮುಂದಿಟ್ಟರು. ಹಾರರ್ ಸಿನಿಮಾ ಮಾಡಿದ್ದಾರಂತೆ, ಎಡಿಟ್ ಮಾಡಿಕೊಡಬೇಕಂತೆ. ಐವತ್ತೆರಡು ನಿಮಿಷ.

"ಫೌಂಡ್ ಫೂಟೇಜ್ ಅಂತಾರ ಆಪಾ," ಅಂದ ವಿಕ್ರಾಂತ. ಊರ ಹುಡುಗರಿಗೆಲ್ಲ ನಾನು ಆಪಾ, ಅಕ್ಕ. "ಸತ್ತವರ ಫೋನ್ ಸಿಕ್ಕೈತಿ. ಅದರಾಗ ಏನ ಐತಿ ಅದ ಸಿನಿಮಾ."

"ಸಿನಿಮಾ ಮಾಡಾಕ ರೊಕ್ಕ ಇಲ್ಲ ಅನ್ನೂದಕ್ಕ ಇಂಗ್ಲಿಷಿನ್ಯಾಗ ಹಂಗ ಅಂತಾರೇನು?"

ಶೀತಲ್ ನಕ್ಕ. ವಿಕ್ರಾಂತ ನಗಲಿಲ್ಲ. ನಗದವನ ಕೆಲಸ ನೋಡಬೇಕು. ಇಟ್ಟು ಹೋಗಿ ಅಂದೆ.

ಸಂಜೆ 6

ನೋಡಿದೆ. ಮೂವರು ಹುಡುಗರು ಕಾಣೆಯಾದ ಗೆಳೆಯನನ್ನು ಹುಡುಕುತ್ತ ಕಬ್ಬಿನ ಹೊಲ ಹೊಗುತ್ತಾರೆ. ಹೊರಗೆ ಬರುವುದಿಲ್ಲ. ಕಬ್ಬು ಕಡಿಯುವವರಿಗೆ ಫೋನು ಸಿಗುತ್ತದೆ. ಅಷ್ಟೇ ಕಥೆ.

ಓಡುವವನು ಫೋನನ್ನು ಯಾಕೆ ಎತ್ತಿ ಹಿಡಿದಿದ್ದಾನೆ? ಜೀವ ಉಳಿಸಿಕೊಳ್ಳುವವನು ಎರಡೂ ಕೈ ಬೀಸಿ ಓಡುತ್ತಾನೆ. ನಿಪ್ಪಾಣಿಯ ಬೀಡಿ ಮುಷ್ಕರದಲ್ಲಿ ಲಾಠಿಗೆ ಸಿಗದೆ ಓಡಿದವಳು ನಾನು, ನನಗೆ ಗೊತ್ತು. ಅರ್ಧ ಗಂಟೆ ಏನೂ ಆಗುವುದಿಲ್ಲ. "ಯಾರದು... ಯಾರದು" — ಇದೇ ಮಾತು. ಅಲುಗಾಟಕ್ಕೆ ನನ್ನ ತಲೆ ತಿರುಗಿತು. ಇನ್ನು ಪಿಟೀಲು! ಸತ್ತವರ ಫೋನಿಗೆ ಪಿಟೀಲು ಬಾರಿಸಿದವರು ಯಾರು? ದೆವ್ವವೇ ಬಾರಿಸಿರಬೇಕು. ಎಡಿಟಿಂಗೂ ಅದೇ ಕಲಿತಿರಬೇಕು.

ಆದರೆ ಕತ್ತಲೆಗೆ ಬಾಡಿಗೆ ಇಲ್ಲ. ಕಬ್ಬಿಗೆ ಸೆಟ್ ಹಾಕುವುದು ಬೇಡ. ಒಣಗಿದ ಎಲೆಯ ರವದಿ ಸರಸರ ಅನ್ನುವ ಸದ್ದಿಗೆ ಸ್ಟುಡಿಯೊ ಬೇಡ. ಉಳ್ಳವರು ಹೆದರಿಸುವುದಕ್ಕೆ ಕೋಟಿ ಸುರಿದು ಬಂಗಲೆ ಕಟ್ಟುತ್ತಾರೆ, ಈ ಹುಡುಗರು ಹೊಲದ ಬದುವಿನ ಮೇಲೆ ನಿಂತು ಹೆದರಿಸುತ್ತಾರೆ. ಕೈಯಲ್ಲಿ ಏನಿದೆಯೋ ಅದೇ ಆಯುಧ. ಇದು ನನಗೆ ಹಿಡಿಸಿತು.

ಮತ್ತೆ ಆ ಒಂದೂವರೆ ನಿಮಿಷ.

ಗೆಳೆಯನನ್ನು ಹುಡುಕುತ್ತ ಹೊಕ್ಕ ಒಂದು ಮನೆ, ಒಬ್ಬ ಮುದುಕಿ. ಓರೆಯಿಂದ ತೆಗೆದದ್ದು, ಮುಖ ಕಾಣುವುದಿಲ್ಲ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಕಾಲ ಮೇಲೆ ಕೂಸು. ನೀರೆರೆಯುತ್ತ ಅದರ ಜೊತೆ ಮೆತ್ತಗೆ ಮಾತು. ಹಬೆ. ಕೂಸು ಅಳುವುದಿಲ್ಲ. ಬಟ್ಟೆ ಸರಿಯುತ್ತದೆ — ಕೂಸಲ್ಲ, ಕಲ್ಲು. ತಲೆಗೆ ಕೂಸಿನ ಕುಂಚಿಗೆ ಕಟ್ಟಿದ ಗುಂಡಕಲ್ಲು. ಫೋನು ಹಿಡಿದ ಹುಡುಗ ಬಾಗಿಲಿನಿಂದ ಮೆಲ್ಲಗೆ ಕೂಗುತ್ತಾನೆ, "ದುಂಡವ್ವಾಯೀ?" ಅವಳು ತಿರುಗಿಯೂ ನೋಡುವುದಿಲ್ಲ. "ಯಾಂವಪಾ ಅಂವ? ನಿಂದ್ರು, ಇದರದ ಮುಗೀಲಿ. ನಿನಗೂ ಎರೀತೀನಿ."

ದೇವರು ದೆವ್ವ ಎರಡನ್ನೂ ಬಿಟ್ಟು ಮೂವತ್ತು ವರ್ಷ ಆಯಿತು. ಆದರೂ ಎದ್ದು ಬಾಗಿಲು ನೋಡಿ ಬಂದೆ.

ವಿಕ್ರಾಂತನಿಗೆ ಫೋನ್ ಮಾಡಿ ಕೇಳಿದೆ, ಯಾರವಳು?

"ನಮ್ಮೂರ ದುಂಡವ್ವಾಯಿ. ಊರಾನ ಕೂಸುಗೋಳಿಗೆಲ್ಲ ಆಕಿನ ಎರಿಯಾಕಿ. ನನಗೂ ಎರದಾಳ."

ನವೆಂಬರ್ 13, ಬುಧವಾರ

ಕತ್ತರಿ ಹಾಕಿದೆ. ಪಿಟೀಲು ಪೂರ್ತಿ ಹೋಯಿತು. ಕಿರುಚಾಟ ಮುಕ್ಕಾಲು ಹೋಯಿತು. ಐವತ್ತೆರಡು ಈಗ ಮೂವತ್ತೊಂದು. ದುಂಡವ್ವನ ಶಾಟ್ ಮುಟ್ಟಲಿಲ್ಲ. ಅದನ್ನು ಮುಟ್ಟಿದರೆ ಕೈ ಕತ್ತರಿಸಬೇಕು.

ಕೊನೆಯಲ್ಲಿ ಒಂದು ನಿಮಿಷ ಇತ್ತು. ಎಲ್ಲರೂ ಸಾಲಾಗಿ ನಿಂತು ಕೈಮುಗಿದು ಹೆಸರು ಹೇಳುತ್ತಾರೆ. ದುಂಡವ್ವ ಗುಂಡಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಬೊಚ್ಚು ಬಾಯಿ ಬಿಟ್ಟು ನಗುತ್ತಾಳೆ. ತೆಗೆದೆ.

ವಿಕ್ರಾಂತ ಒಪ್ಪಲಿಲ್ಲ. "ಇರ್ಲಿ ಬಿಡ್ರಿ ಆಪಾ. ಆಯಿಗಿ ಮಾತ ಕೊಟ್ಟೀನಿ, ಕಡೀಕ ನೀ ನಗೂದ ತೋರಸ್ತೀನಿ ಅಂತ."

"ನಕ್ರ ಅಂಜಿಕಿ ಸಾಯ್ತೈತಿ."

"ಹಂಗಾರ ಆಯಿ ಹೆಸರರ ಬದಲ ಮಾಡೂಣು? ಊರ ಹೆಸರೂ ಐತಿ ಅದರಾಗ."

"ಖರೇ ಹೆಸರು, ಖರೇ ಮನಿ — ಅದ ನಿನ್ನ ಬಂಡವಾಳ. ಅದನ್ನ ಕಳದ್ರ ನಿನ್ನ ಹತ್ರ ಅಲುಗಾಡೂ ಫೋನ್ ಒಂದ ಉಳೀತೈತಿ."

ಶೀತಲ್ ನನ್ನ ಕಡೆಗೆ ವಾಲಿದ. "ಆಪಾ ಬರೋಬರ್ ಅಂದ್ರು ದೋಸ್ತ. ಏಕದಮ್ ಖರೇ ಅನಸ್ತೈತಿ." ವಿಕ್ರಾಂತ ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡ. ಮಾತಿನಲ್ಲಿ ನನ್ನನ್ನು ಗೆದ್ದವರು ಕಡಿಮೆ.

ನವೆಂಬರ್ 17, ರವಿವಾರ

ಯೂಟ್ಯೂಬಿಗೆ ಹಾಕಿದರು. ಪೇಢೆ ತಂದುಕೊಟ್ಟರು. ತಿಂದೆ.

ನವೆಂಬರ್ 24, ರವಿವಾರ

ನಲವತ್ತು ಸಾವಿರ ಜನ ನೋಡಿದ್ದಾರಂತೆ. ಕೆಳಗಿನ ಕಮೆಂಟುಗಳನ್ನು ಶೀತಲ್ ಓದಿ ಹೇಳಿದ. ಅಥಣಿಯವನೊಬ್ಬ ಬರೆದಿದ್ದಾನೆ: "ಆ ಮುದುಕಿ ಆಕ್ಟಿಂಗ್ ಮಾಡಿಲ್ಲ, ಅದು ಬ್ಯಾರೇನ." ಎಲ್ಲರೂ ಅವಳನ್ನೇ ಹಿಡಿದಿದ್ದಾರೆ. ಹುಡುಗರ ಹೆಸರು ಯಾರೂ ಎತ್ತಿಲ್ಲ.

ಖುಷಿಯಾಯಿತು. ನನ್ನ ಕತ್ತರಿಗೆ ಸಂದ ಮರ್ಯಾದೆ ಅಂದುಕೊಂಡೆ. ಮದುವೆ ಸೀಜನ್. ಕೆಲಸ ಬಹಳ.

ಡಿಸೆಂಬರ್ 19, ಗುರುವಾರ

ಮಿರಜಿನ ನನ್ನ ಚಿಕ್ಕಮ್ಮನ ಮಗ ಫೈಜಾನ ಮನೆತನದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದಾನೆ. ದುಂಡವ್ವನ ಒಂದೂವರೆ ನಿಮಿಷ. ಯಾರೋ ಸಿನಿಮಾದಿಂದ ಕಿತ್ತಿದ್ದಾರೆ. ಮೇಲೆ ಮರಾಠಿ ದನಿ: ರಾಯಬಾಗ ತಾಲ್ಲೂಕಿನ ಅಲಖನೂರು, ಸತ್ಯ ಘಟನೆ, ಮಕ್ಕಳನ್ನು ಜೋಪಾನ ಮಾಡಿ. ಫೈಜಾನ ಕೇಳಿದ್ದಾನೆ: "ಆಪಾ, ಇದು ನಿಮ್ಮ ಕಡೆಯದಲ್ಲವೇ?"

ನಮ್ಮ ಕಡೆಯದೇ. ನನ್ನ ಅಂಗಡಿಯದು.

ಮಧ್ಯಾಹ್ನ ಶೀತಲ್ ಬಂದ. ಕೂರಲಿಲ್ಲ. ಅಲಖನೂರಿನಲ್ಲಿ ಮೂರು ಬಾಣಂತಿ ಮನೆಗಳವರು ದುಂಡವ್ವನನ್ನು ಬಿಡಿಸಿದ್ದಾರಂತೆ. ಒಬ್ಬರೂ ಜಗಳ ಮಾಡಿಲ್ಲ, ಬೈದಿಲ್ಲ. "ನಾಳಿಂದ ಬರಬ್ಯಾಡವಾ" ಅಂದಿದ್ದಾರೆ, ಅಷ್ಟೇ. ಹಾದಿಯಲ್ಲಿ ಕಂಡರೆ ಸೆರಗಿನೊಳಗೆ ಕೂಸಿನ ಮುಖ ಮುಚ್ಚುತ್ತಾರಂತೆ.

ಕಾರಣ ಗುಂಡಕಲ್ಲು. ಇಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿಗಿಂತ ಮೊದಲು ಗುಂಡಕಲ್ಲನ್ನು ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಅಂತ. ಕಲ್ಲಿಗೆ ಯಾರೂ ನೀರೆರೆಯುವುದಿಲ್ಲ. ಇವಳು ಎರೆದಳು. "ಕಲ್ಲಿಗೆ ಎರದ ಕೈ ಕೂಸಿಗೆ ಎರದ್ರ ಕೂಸ ಕಲ್ಲ ಆಕ್ಕೈತಿ" — ಇದು ಈಗ ಊರ ಮಾತು. ಭಾನಾಮತಿ ಅಂತಲೂ ಒಬ್ಬರು ಅಂದಿದ್ದಾರೆ.

ಬೀಡಿ ಸಂಘದಲ್ಲಿದ್ದಾಗ ಬೀದಿ ನಾಟಕಕ್ಕೆ ನಮ್ಮದೊಂದು ಪದ್ಧತಿ ಇತ್ತು. ನಾಟಕ ಅಂತ ಹೇಳದೆ ಸಂತೆಯ ನಡುವೆ ಜಗಳ ಶುರು ಮಾಡುತ್ತಿದ್ದೆವು. ಗಂಡ ಹೆಂಡತಿಗೆ ಹೊಡೆಯುತ್ತಾನೆ, ಜನ ಓಡಿ ಬರುತ್ತಾರೆ. ಖರೆ ಅಂತ ನಂಬಿ ಬಿಡಿಸುವುದಕ್ಕೂ ಬರುತ್ತಾರೆ. ಆಮೇಲೆ ಹಲಗೆ ಬಡಿದು ನಿಂತು ಹೆಸರು ಹೇಳುತ್ತಿದ್ದೆವು — ನಾನು ಮಸರತ, ಬೀಡಿ ಕಟ್ಟುವವಳ ಮಗಳು, ಇವನು ನನ್ನ ಗಂಡನಲ್ಲ. ಹೆಸರು ಹೇಳದೆ ಚದುರಿದ್ದು ಒಂದು ದಿನವೂ ಇಲ್ಲ.

ಇಷ್ಟು ಗೊತ್ತಿದ್ದವಳು ಆ ಒಂದು ನಿಮಿಷ ತೆಗೆದೆ.

ಡಿಸೆಂಬರ್ 20, ಶುಕ್ರವಾರ

ಅಲಖನೂರಿಗೆ ಹೋಗಿದ್ದೆ. ದುಂಡವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಗಂಡ ಕುರಿ ಕಾಯುತ್ತಿದ್ದನಂತೆ, ಹೋಗಿ ಬಹಳ ವರ್ಷ ಆಯಿತು. ನಾನು ಯಾರು ಅಂತ ಹೇಳಿದೆ. ಕೊನೆಯ ನಿಮಿಷ ಕತ್ತರಿಸಿದ್ದು ನಾನೇ ಅಂತಲೂ ಹೇಳಿದೆ.

"ಕುಂದ್ರವಾ ಮೊದಲ," ಅಂದಳು. "ನಿಂತ ತಪ್ಪ ಒಪ್ಪಿಕೊಂಡ್ರ ಕಾಲ ನೋಯ್ತಾವ."

ಕೂತೆ.

"ಅರವತ್ತೈದ ವರ್ಷ ನನ್ನ ಕಡೆ ಯಾರೂ ನೆಟ್ಟಗ ನೋಡಿರ್ಲಿಲ್ಲ. ಈಗ ಮಂದಿಯೆಲ್ಲಾ ನೋಡ್ಯಾರ. ನೋಡಿ ಓಡ್ಯಾರ." ಅವಳೇ ನಕ್ಕಳು. ನನಗೆ ನಗು ಬರಲಿಲ್ಲ.

"ಸಿಟ್ಟ ಬಂದಿಲ್ಲೇನ ದುಂಡವ್ವಾ?"

"ಯಾರ ಮ್ಯಾಲ ಬರಬೇಕು? ಕಲ್ಲ ತಂದಾಕಿ ನಾನ. ಆ ಹುಡುಗೂರು ಪ್ಲ್ಯಾಸ್ಟಿಕ್ ಬೊಂಬಿ ತಂದಿದ್ರು. ಬೊಂಬಿಗೆ ತೂಕಾನ ಇಲ್ಲವಾ, ಕೈಗೆ ಹದಾ ಸಿಗವಲ್ದು. ನಾನ ಅಂದ್ನಿ, ತಡೀರೋ, ತೂಕದ್ದ ತರ್ತೀನಿ. ತೂಕ ಕಾಲ ಮ್ಯಾಲ ಬಿತ್ತಂದ್ರ ಕೈ ತಾನ ಎರೀತೈತಿ."

ಅಂದರೆ ಸಿನಿಮಾದಲ್ಲಿ ಖರೆ ಅನಿಸಿದ್ದು ನಿರ್ದೇಶಕನದಲ್ಲ, ನನ್ನದೂ ಅಲ್ಲ. ಆ ಕಲ್ಲಿನ ತೂಕದ್ದು, ಆ ಕೈಗಳದ್ದು.

ನಾನು ಏಳುವಾಗ ಹೇಳಿದಳು, "ಕಾಳುಕಡಿ ಐತವಾ, ಉಪಾಸ ಇಲ್ಲ. ಮುಂಜಾನೆದ್ದ ಹೋಗಾಕ ಮನಿ ಇಲ್ಲ, ಅದೊಂದ. ಕೈ ಸುಮ್ಮ ಕುಂದ್ರವಲ್ಲವು." ತೊಡೆಯ ಮೇಲೆ ಶೇಂಗಾ ಸಿಪ್ಪೆಯಿದ್ದ ಅಂಗೈಗಳು ಉಜ್ಜುತ್ತಲೇ ಇದ್ದವು.

ಇದನ್ನು ಇಲ್ಲಿ ಬರೆದಿಡಬೇಕು. ನಮ್ಮ ಸಿನಿಮಾಗಳ ದೆವ್ವ ಯಾವಾಗಲೂ ಹೆಂಗಸು. ಬಡವಿ. ಗಂಡ ಸತ್ತವಳು. ಸಾಹುಕಾರ ದೆವ್ವ ಆದದ್ದನ್ನು ಯಾರಾದರೂ ತೆಗೆದಿದ್ದಾರೆಯೇ? ಸಾವಿರ ಸಭೆಯಲ್ಲಿ ಈ ಭಾಷಣ ಬಿಗಿದವಳು ನಾನು. ಕತ್ತರಿ ಹಿಡಿದಾಗ ಭಾಷಣ ನೆನಪಾಗಲಿಲ್ಲ, ಶಾಟ್ ಚೆಂದ ಕಂಡಿತು.

ಡಿಸೆಂಬರ್ 24, ಮಂಗಳವಾರ

ವಿಕ್ರಾಂತನ ಅತ್ತಿಗೆ ಮನಿಷಾ ನಿನ್ನೆ ಹೆತ್ತಳು. ಗಂಡು. ಎರಡನೆಯ ಬಾಣಂತನ, ಹಾಗಾಗಿ ಗಂಡನ ಮನೆಯಲ್ಲೇ. ವಿಕ್ರಾಂತ ಫೋನ್ ಮಾಡಿ ಹೇಳಿದ. ಸಂತೋಷ ಅಂದೆ. ಎರೆಯುವುದಕ್ಕೆ ಯಾರು ಅಂತ ಕೇಳಿದೆ.

ಅವನು ಕೂಸಿನ ತೂಕ ಹೇಳಿದ. ಮತ್ತೆ ಕೇಳಿದೆ.

"ದಿಗ್ಗೇವಾಡಿಯಿಂದ ಒಬ್ಬಾಕಿನ್ನ ಕರಸ್ಯಾಳ್ರಿ ಅವ್ವ."

ಡಿಸೆಂಬರ್ 26, ಗುರುವಾರ

ವಿಕ್ರಾಂತನನ್ನು ಅಂಗಡಿಗೆ ಕರೆಸಿ ಬೈದೆ. ಸಿನಿಮಾ ತೆಗೆದವನ ಮನೆಯವರೇ ಅವಳನ್ನು ಬಿಟ್ಟರೆ ಊರು ಯಾಕೆ ಕರೆಯಬೇಕು?

"ಹೇಳೀನ್ರಿ ಆಪಾ. ಮೂರ ದಿನಾ ಹೇಳೀನಿ. ಕಲ್ಲ ನಾನ ಒರಸಿ ಒಳಗ ಇಟ್ಟೀನಿ, ಫೋನ್ ಶೀತಲ್ ಹಿಡದಿದ್ದ, ಎಲ್ಲಾ ಸುಳ್ಳ ಅಂದ್ನಿ."

"ಏನಂತಾಳ ನಿಮ್ಮವ್ವ?"

"'ನೀವ ಸುಳ್ಳ ಮಾಡೀರಿ, ಆಕಿ ಮಾಡಿಲ್ಲ' ಅಂತಾಳ. 'ಆಕಿ ನಟನಾ ಎಲ್ಲಿ ಮಾಡ್ಯಾಳ? ಇದ್ದಂಗ ಇದ್ಲಲ್ಲ' ಅಂತಾಳ."

ವಿಕ್ರಾಂತನ ಅವ್ವ ಲಕ್ಷ್ಮಿಬಾಯಿ ಶಾಲೆ ಕಲಿತವಳಲ್ಲ. ಆದರೆ ಇಂಥ ಸಿನಿಮಾದ ಕುತ್ತಿಗೆ ಸರಿಯಾಗಿ ಹಿಡಿದಿದ್ದಾಳೆ. ನಟನೆ ಇಲ್ಲ ಅನ್ನುವುದೇ ಅದರ ಬಲ. ನಟನೆ ಇಲ್ಲದಿದ್ದರೆ ಸಿನಿಮಾ ಮುಗಿದ ಮೇಲೆ ಪಾತ್ರ ಬಿಚ್ಚಿಟ್ಟು ಮನೆಗೆ ಹೋಗುವುದು ಹೇಗೆ? ಬಣ್ಣ ಹಚ್ಚಿದವರು ಬಣ್ಣ ತೊಳೆದುಕೊಳ್ಳುತ್ತಾರೆ. ದುಂಡವ್ವ ಏನು ತೊಳೆಯಬೇಕು?

ಸಿನಿಮಾ ಯೂಟ್ಯೂಬಿನಿಂದ ತೆಗೆಸಿದೆ. ಪ್ರಯೋಜನವಿಲ್ಲ, ತುಣುಕು ತಾನೇ ತಿರುಗುತ್ತಿದೆ. ಸಿನಿಮಾವನ್ನು ಪೂರ್ತಿಯಾಗಿ, ಆ ನಗುವನ್ನೂ ಸೇರಿಸಿ, ಊರಲ್ಲೇ ತೋರಿಸಬೇಕು. ದುಂಡವ್ವ ಬೇಡ ಅಂದಳು. ಆಮೇಲೆ, "ಹೂಂ, ನಾ ನಕ್ಕದ್ದರ ನೋಡೂಣು" ಅಂದಳು.

ಜನವರಿ 4, ಶನಿವಾರ. ರಾತ್ರಿ ಊಟವಾದ ಮೇಲೆ

ಸಮುದಾಯ ಭವನದ ಗೋಡೆಯ ಮೇಲೆ ತೋರಿಸಿದೆವು. ಮದುವೆಯ ಪ್ರೊಜೆಕ್ಟರ್. ನೂರು ಜನ ಇದ್ದರು. ಹೆಂಗಸರು ಒಂದು ಕಡೆ. ದುಂಡವ್ವ ಅವರಿಂದ ನಾಲ್ಕು ಮಾರು ದೂರ, ಒಬ್ಬಳೇ. ಬಾಣಂತಿ ಮನಿಷಾ ಬರುವ ಹಾಗಿರಲಿಲ್ಲ. ಲಕ್ಷ್ಮಿಬಾಯಿ ಬಂದಿದ್ದಳು.

ಹುಡುಗರು ಓಡುವಾಗ ಎಲ್ಲರೂ ನಕ್ಕರು. "ಲೇ ವಿಕ್ಯಾ, ನಮ್ಮ ಎತ್ತ ನಿನಕಿಂತಾ ಚಲೋ ಓಡ್ತೈತಿ!" ಆ ಶಾಟ್ ಬಂತು. ಗಪ್ಪಾದರು. ತಿರುಗಿ ದುಂಡವ್ವನನ್ನು ನೋಡಿದರು, ಮತ್ತೆ ಗೋಡೆ ನೋಡಿದರು. ಆಮೇಲೆ ಕೊನೆಯ ನಿಮಿಷ. ಹೆಸರುಗಳು, ಅವಳ ಬೊಚ್ಚು ನಗು. ನಾನು ಎದ್ದು ನಿಂತು ಹೇಳಿದೆ, ಇದನ್ನು ಕತ್ತರಿಸಿದವಳು ನಾನು, ತಪ್ಪು ನನ್ನದು.

ಹಾಲಿನ ಡೈರಿಯ ಬಾಳಾಸಾಬ ಎದ್ದ. "ಬಾಯಾರ, ನಗೂದ ನೀವು ಆಮ್ಯಾಲ ತಗದ ಜೋಡಿಸೀರಿ. ಈಗ ಮೊಬೈಲ್‌ನ್ಯಾಗ ಏನ ಬೇಕಾದ್ರೂ ಮಾಡತಾರ. ನಮಗೇನ ತಿಳೀದನ?"

ಹೌದು ಹೌದು ಅಂದರು. ಅಂಜಿಸಿದ್ದು ಖರೆ. ನಕ್ಕದ್ದು ಸುಳ್ಳು. ಪೊಲೀಸರ ಮುಂದೆ ನಿಂತು ಮಾತಾಡಿದವಳು ಪ್ರೊಜೆಕ್ಟರ್ ಆರಿಸಿದೆ.

ಜನ ಎದ್ದು ಹೋದರು. ದುಂಡವ್ವ ನನ್ನ ಜೊತೆ ವೈರ್ ಸುತ್ತಿದಳು. "ಚಂದ ಕಾಣ್ತೀನಿ ಬಿಡು ನಕ್ರ," ಅಂದಳು.

ಜನವರಿ 7, ಮಂಗಳವಾರ

ಮನಿಷಾ ಫೋನ್ ಮಾಡಿದ್ದಳು. ಇದುವರೆಗೆ ಅವಳ ದನಿ ಕೇಳಿರಲಿಲ್ಲ. ಅತ್ತೆಗೆ ಗೊತ್ತಾಗದಂತೆ ಮೆಲ್ಲಗೆ ಮಾತು.

ಕೂಸು ಹಗಲೆಲ್ಲ ಅಳುತ್ತದಂತೆ. ದಿಗ್ಗೇವಾಡಿಯವಳು ಎರೆದು ಹೋದಳೆಂದರೆ ನಿದ್ದೆ ಬರುವುದಿಲ್ಲವಂತೆ. "ಎಣ್ಣಿ ಹಚ್ಚತಾಳ್ರಿ, ನೀರ ಹಾಕತಾಳ. ಕೂಸಿನ ಮಕಾ ನೋಡೂದಿಲ್ಲ. ಪಾತ್ರೆ ತಿಕ್ಕಿದಂಗ ತಿಕ್ಕತಾಳ."

ಮತ್ತೆ ಹೇಳಿದಳು — ಅವಳ ಮಾತನ್ನು ಹಾಗೇ ಬರೆಯುತ್ತೇನೆ:

"ಆಪಾ, ಆ ವಿಡಿಯೊ ನನ್ನ ಫೋನಿಗೂ ಬಂದಿತ್ರಿ. ಮೊದಲ ಅಂಜೀನಿ. ಮೊನ್ನೆ ಕೂಸ ಅಳಾಕತ್ತಾಗ ಮತ್ತ ಹಚ್ಚಿ ನೋಡಿದ್ನಿ. ದುಂಡವ್ವಾಯಿ ಎಡಗೈ ಎಲ್ಲಿ ಐತಿ ನೋಡೀರೇನ್ರಿ? ತಿಕ್ಕೂಮುಂದ ಕಲ್ಲಿನ ಕುತ್ತಿಗಿ ಕೆಳಗ ಐತಿ. ಬಲಗೈಲೆ ನೀರ ಹಾಕೂಮುಂದ ಅದ ಎಡಗೈ ಅಂಗೈ ಕಲ್ಲಿನ ಹಣಿಗೆ ಅಡ್ಡ ಹಿಡದಾಳ, ಕಣ್ಣಾಗ ನೀರ ಹೋಗಬಾರದಂತ. ಕಲ್ಲಿಗೆ ಎಲ್ಲಿ ಕಣ್ಣ ಐತ್ರಿ? ಕಲ್ಲಿಗೆ ಇಷ್ಟ ಮಾಡಾಕಿ ನನ್ನ ಕೂಸಿಗೆ ಎಷ್ಟ ಮಾಡ್ಯಾಳು?"

ಫೋನಿಟ್ಟು ಕಂಪ್ಯೂಟರಿನಲ್ಲಿ ಆ ಶಾಟ್ ಹಚ್ಚಿದೆ. ನಿಧಾನ ಮಾಡಿ ಬಿಟ್ಟೆ. ಹೌದು. ಕುತ್ತಿಗೆಯ ಕೆಳಗೆ ಕೈ. ನೀರು ಬೀಳುವಾಗ ಅದೇ ಅಂಗೈ ಹಣೆಗೆ ಅಡ್ಡ, ನೀರು ಎರಡೂ ಬದಿಗೆ ಇಳಿಯುತ್ತದೆ. ಎರಡು ನೂರು ಸಲ ಓಡಿಸಿದ್ದೆ ಇದನ್ನು. ಹಬೆ ನೋಡಿದ್ದೆ, ಬೆನ್ನು ನೋಡಿದ್ದೆ, ಎಲ್ಲಿ ಕತ್ತರಿಸಬೇಕು ಅಂತ ನೋಡಿದ್ದೆ. ನೂರು ಜನ ಗೋಡೆಯಷ್ಟು ದೊಡ್ಡದಾಗಿ ನೋಡಿದರು. ಕೈ ಕಂಡದ್ದು ನಿದ್ದೆಗೆಟ್ಟ ಒಬ್ಬ ಬಾಣಂತಿಗೆ, ಅಂಗೈಯಗಲದ ಫೋನಿನಲ್ಲಿ.

ಜನವರಿ 8, ಬುಧವಾರ

ವಿಕ್ರಾಂತ ಹೇಳಿದ್ದು. ನಿನ್ನೆ ಸಂಜೆ ಮನಿಷಾ ಅತ್ತೆಯ ಮುಂದೆ ಬಾಯಿ ಬಿಟ್ಟಳಂತೆ. ದುಂಡವ್ವ ಹೊಸ್ತಿಲು ದಾಟಬಾರದು ಅಂದಳಂತೆ ಲಕ್ಷ್ಮಿಬಾಯಿ.

"ಆಕಿ ಇಲ್ಲಿ ಬರಬಾರದಂದ್ರ ನಾ ಅಲ್ಲಿ ಹೊಕ್ಕೀನಿ."

"ಹಸೀ ಬಾಣಂತಿ, ಬೀದ್ಯಾಗ ಹೊಕ್ಕಿಯೇನ? ಮಂದಿ ಏನಂದಾರು?"

"ಮಂದಿ ಬಂದ ಕೂಸ ಮಲಗಸ್ತಾರೇನ್ರಿ ಅತ್ತಿ?"

ರಾತ್ರಿ ಲಕ್ಷ್ಮಿಬಾಯಿ ಉಣ್ಣದೆ ಮಲಗಿದಳಂತೆ. ವಿಕ್ರಾಂತ ಏನು ಹೇಳಿದ ಅಂತ ಕೇಳಿದೆ. ಅತ್ತಿಗೆಯ ಪರ ನಿಂತನಂತೆ. "ಈ ಸಲ ಜೋರಾಗಿ," ಅಂದ.

ಜನವರಿ 9, ಗುರುವಾರ. ಬೆಳಿಗ್ಗೆ 10

ದುಂಡವ್ವನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಿಸಿಲು ಚೆನ್ನಾಗಿದೆ. ಅವಳು ಎಂಟಕ್ಕೇ ಹಂಡೆಗೆ ಉರಿ ಹಾಕಿದ್ದಾಳೆ. ಬಚ್ಚಲು ಎರಡು ಸಲ ತಿಕ್ಕಿದ್ದಾಳೆ. ಬಂದೇ ಬರುತ್ತಾರೆ ಅಂತ ಯಾರೂ ಹೇಳಿಲ್ಲ. ಕೇಳಿದರೆ, "ನೀರ ಕಾಯಲಿ, ಬರದಿದ್ರ ನಾನ ಮೈ ತೊಳಕೋತೀನಿ" ಅಂತಾಳೆ. ಐದು ನಿಮಿಷಕ್ಕೊಮ್ಮೆ ಓಣಿಯ ಕಡೆ ಕತ್ತು.

ವಿಕ್ರಾಂತ ಮೊದಲು ಬಂದ. ಕೈಯಲ್ಲಿ ಫೋನು.

"ಆಪಾ, ಇದರ ವಿಡಿಯೊ ತಗದ ಹಾಕೂಣ್ರಿ. ಕೂಸಿನ್ನ ಆಯಿ ಕಾಲ ಮ್ಯಾಲ ಹಾಕೂದು. ಪ್ರೂಫ್ ಆಕ್ಕೈತಿ."

"ಬಾಳಾಸಾಬ ಇದನ್ನೂ ಜೋಡಿಸೀರಿ ಅಂತಾನ. ಕಿಸೇದಾಗ ಇಡು. ನಿಮ್ಮ ವೈನಿ ಮನಿಷಾ ಕೂಸ ತರಾಕತ್ತಾಳ, ಸಾಕ್ಷಿ ಅಲ್ಲ."

ಇಟ್ಟ. ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತ.

ಬಂದರು. ಮನಿಷಾ ತಲೆಗೆ ಸ್ಕಾರ್ಫ್ ಬಿಗಿದಿದ್ದಾಳೆ, ಎದೆಗೆ ಕೂಸು, ಸಾವಕಾಶ ಹೆಜ್ಜೆ. ಓಣಿಯ ಎರಡೂ ಕಡೆ ಬಾಗಿಲಲ್ಲಿ ಹೆಂಗಸರು ನಿಂತಿದ್ದಾರೆ. ಹಿಂದೆ ಲಕ್ಷ್ಮಿಬಾಯಿ, ದಾರಿಯುದ್ದ ಬೈಯುತ್ತ. ಎಣ್ಣೆಯ ಬಟ್ಟಲು ಅವಳ ಕೈಯಲ್ಲೇ ಇದೆ.

ಅಂಗಳದಲ್ಲಿ ಲಕ್ಷ್ಮಿಬಾಯಿ ನಿಂತಳು. ದುಂಡವ್ವನೂ ನಿಂತಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಎಣ್ಣಿ ಕೊಬ್ರಿದೋ ಎಳ್ಳಿಂದೋ?" ದುಂಡವ್ವ ಕೇಳಿದಳು.

"ಕೊಬ್ರಿದು."

"ಚಳಿ ಐತಿ. ಒಲಿ ಮುಂದ ಇಡ ಅದನ್ನ."

ಲಕ್ಷ್ಮಿಬಾಯಿ ಒಳಗೆ ಹೋಗಿ ಇಟ್ಟಳು. ಹೊರಗೆ ಬರಲಿಲ್ಲ, ಅಲ್ಲೇ ಒಲೆಯ ಮುಂದೆ ಕೂತಳು.

ದುಂಡವ್ವ ಸೀರೆ ಮೊಣಕಾಲಿನ ಮೇಲೆ ಸರಿಸಿ ಕಾಲು ಚಾಚಿದಳು. ಮನಿಷಾ ಬಗ್ಗುತ್ತಿದ್ದಾಳೆ. "ಮಸರತಾ, ಬರಿಯೂದ ಸಾಕ ಮಾಡ. ನೀರ ಚುರ್ ಅಂತಾವ, ತಣ್ಣೀರ ಬೆರಸ ಬಾ" ಅನ್ನುತ್ತಿದ್ದಾಳೆ ದುಂಡವ್ವ. ಎಷ್ಟು ಬೆರೆಸಬೇಕೋ ನನಗೆ ಗೊತ್ತಿಲ್ಲ. ಮೊಣಕೈ ಅದ್ದಿ ನೋಡು ಅಂತಾಳೆ. ಕೂಸು ಅವಳ ಕಾಲ ಮೇಲೆ ಬಂತು, ಪೆನ್ನು ಇಡುತ್ತೇನೆ.